ನನ್ನ ಹೆಸರು ಸರಿಯಾಗಿ ಹೇಳಿದವರನ್ನು ಮತ್ತೆ ಗುದ್ದಿಸಿದ ಉಸ್ತಾದರಿಗೆ

ರಾಜಾಜಿನಗರ,
ಡಿಸೆಂಬರ್ ೧೯೭೪

ಕುರುಬರಹಳ್ಳಿಯ ಬಾಲಭೀಮ ಗರಡಿಯ ಉಸ್ತಾದರೂ, ಇತ್ತೀಚೆಗೆ ಬಾಕ್ಸಿಂಗ್ ಕೋಚರೂ ಆಗಿರುವ ದೊಡ್ಡಣ್ಣನವರಿಗೆ, ತಮ್ಮ ಎರಡೂ ಮುಷ್ಟಿಗಳಿಗೆ ಬೇರೆಬೇರೆಯಾಗಿ ನಮಸ್ಕಾರಗಳು.

ಮಾನ್ಯರೇ,

'ತಲೆಯೊಳಗೊಂದು ಹಕ್ಕಿ ಕೂತಿದೆ, ಮೆಲ್ಲನೆ ನಡೆ' ಎಂಬ ಸಾಲನ್ನು ಎಂ.ಎ. ಓದುವ ಕಾಲದಲ್ಲಿ ಎಲ್ಲೋ ಕಂಡ ನೆನಪು. ತಲೆಯೊಳಗೋ ಎದೆಯೊಳಗೋ ಈಗ ಖಚಿತವಿಲ್ಲ. ತಲೆಯೇ ಆಗಿದ್ದರೆ, ಬರೀ ನಡೆಯುವುದಕ್ಕೆ ಇಷ್ಟು ಎಚ್ಚರಿಕೆ ಹೇಳಿದ ಕವಿ ತಮ್ಮ ಗರಡಿಯನ್ನು ನೋಡಿದ್ದರೆ ಏನು ಬರೆಯುತ್ತಿದ್ದರೋ ಎಂದು ಯೋಚಿಸುತ್ತಾ ಈ ಪತ್ರಕ್ಕೆ ಕುಳಿತಿದ್ದೇನೆ.

ಐವತ್ತು ದಾಟಿದ ನಮ್ಮ ಯಜಮಾನರು (ಹೆಸರು ತಮಗೆ ಗೊತ್ತೇ ಇದೆ, ನಾನು ಬರೆಯುವುದಿಲ್ಲ) ಆಫ್ರಿಕಾದಲ್ಲಿ ನಡೆದ ದೊಡ್ಡ ಬಾಕ್ಸಿಂಗ್ ಪಂದ್ಯದ ಸುದ್ದಿ ಓದಿ, ಹೊಟ್ಟೆ ಕರಗಿಸಲೆಂದು ತಮ್ಮಲ್ಲಿ ಸೇರಿದರು. ತಾವು ಹೊಟ್ಟೆಯ ಗೋಜಿಗೇ ಹೋಗದೆ ನೇರವಾಗಿ ತಲೆಗೆ ಕೈಹಾಕಿದ್ದು ತಮ್ಮ ದೂರದೃಷ್ಟಿ. ಮರಳಿನ ಚೀಲಕ್ಕೆ ಗುದ್ದುವುದನ್ನು ಇನ್ನೂ ಕಲಿಯುತ್ತಿದ್ದವರನ್ನು, ಅಭ್ಯಾಸದ ಹೊಡೆದಾಟಕ್ಕೆಂದು, ಯಶವಂತಪುರದ ಮಂಡಿಯಲ್ಲಿ ಅಕ್ಕಿ ಮೂಟೆ ಹೊರುವ ಮರಿಯಪ್ಪನ ಎದುರು ನಿಲ್ಲಿಸಿದಿರಿ. ತಲೆಗೆ ಕವಚ ಬೇಡವೇ ಎಂದು ಯಜಮಾನರು ಕೇಳಿದ್ದಕ್ಕೆ, ಬಾಕ್ಸಿಂಗಿಗೆ ಯಾರಾದರೂ ಮಂಕಿ ಟೋಪಿ ಹಾಕುತ್ತಾರೆಯೇ ಎಂದು ನಕ್ಕಿರಂತೆ.

ಮರಿಯಪ್ಪನ ಒಂದೇ ಗುದ್ದಿಗೆ ಅವರು ಕೆಮ್ಮಣ್ಣಿನ ಮೇಲೆ ಕೂತುಬಿಟ್ಟರು. ಮುಂದಿನದನ್ನು, ಅವರನ್ನು ಆಟೋದಲ್ಲಿ ಮನೆಗೆ ಕರೆತಂದ ಮರಿಯಪ್ಪನೇ, ಪಾಪ, ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದ. ತಾವು ಗ್ಲೌಸ್ ಹಾಕಿದ ಕೈಯನ್ನೇ ಎತ್ತಿ ಬೆರಳೆಷ್ಟು ಎಂದು ಕೇಳಿದಿರಿ. ಅವರು ಒಂದೂವರೆ ಎಂದರು. ತಾವು ಅದನ್ನು ಒಪ್ಪಿದಿರಿ. ಆಮೇಲೆ "ನಿಮ್ಮ ಮನೆಯೋರ ಹೆಸರು ಹೇಳಿ ಸ್ವಾಮಿ" ಎಂದಾಗ ಅವರು ರಸ್ತೆಗೆ ಕೇಳಿಸುವಂತೆ "ಗಿರಿಜಾ" ಎಂದರು. ತಲೆ ನೆಟ್ಟಗಿದೆ ಎಂದು ತೀರ್ಮಾನಿಸಿ ತಾವು ಅವರನ್ನು ಎಬ್ಬಿಸಿ ಎರಡನೆಯ ಗುದ್ದಿಗೆ ಒಪ್ಪಿಸಿದಿರಿ.

ಉಸ್ತಾದರೇ, ತಪ್ಪಾದದ್ದು ಅಲ್ಲಿಯೇ. ಮದುವೆಯಾದ ಮೇಲೆ ಅವರು ಒಮ್ಮೆಯೂ ನನ್ನ ಹೆಸರು ಹಿಡಿದು ಕರೆದವರಲ್ಲ. ನಾನು 'ಇವಳೇ', ಇಲ್ಲವೇ 'ಕೇಳಿಸ್ತಾ'. ರೇಷನ್ ಕಾರ್ಡಿನ ಗುಮಾಸ್ತರು ಹೆಂಡತಿಯ ಹೆಸರು ಕೇಳಿದಾಗ ನನ್ನತ್ತ ಕೈ ತೋರಿಸಿದವರು. ಅಂಥವರು ಗಂಡಸರ ನಡುವೆ 'ಗಿರಿಜಾ' ಎಂದರೆ, ತಲೆಗೆ ಜೋರಾಗಿಯೇ ಪೆಟ್ಟಾಗಿದೆ ಎಂದು ಅರ್ಥ. 'ಅದೇ, ನಮ್ಮ ಮನೇಲಿ...' ಎಂದು ತಡವರಿಸಿದ್ದರೆ ಆರೋಗ್ಯವಾಗಿದ್ದಾರೆ ಎಂದು ತಿಳಿಯಬಹುದಿತ್ತು.

ಮನೆಗೆ ಬಂದವರು ವಾಂತಿ ಮಾಡಿಕೊಂಡರು. ಬೆಳಿಗ್ಗೆ ವಿಭೂತಿಯನ್ನು ಕನ್ನಡಿಯೊಳಗಿನ ಹಣೆಗೆ ಹಚ್ಚಿದರು. ಡಾಕ್ಟರು ನೋಡಿ, ಮಿದುಳು ಅಲುಗಿದೆ, ಇದು ಮಾಗುವ ಮೊದಲೇ ಇನ್ನೊಂದು ಪೆಟ್ಟು ಬಿದ್ದರೆ ಪ್ರಾಣಕ್ಕೇ ಅಪಾಯ ಎಂದಿದ್ದಾರೆ. ಆದರೂ ತಮ್ಮ ಗರಡಿಯ ಭಾನುವಾರದ ಪ್ರದರ್ಶನ ಪಂದ್ಯದ ಬೋರ್ಡಿನಲ್ಲಿ ಮರಿಯಪ್ಪನ ಎದುರಿಗೆ ಅವರ ಹೆಸರಿದೆ, ಮತ್ತು ಉಸ್ತಾದರೇ ಪಾಸು ಮಾಡಿದ್ದಾರೆ ಎಂದು ಅವರು ಬನಿಯನ್ ಒಗೆಸಿಟ್ಟುಕೊಂಡಿದ್ದಾರೆ.

ಪಂದ್ಯ ನಿಲ್ಲಿಸುವುದು ತಮ್ಮ ಘನತೆಗೆ ಕುಂದಾದರೆ, ಮರಿಯಪ್ಪ ಕೆಂಗೇರಿಯಲ್ಲಿ ನಿಂತು ಗುದ್ದಲಿ, ಇವರು ರಾಜಾಜಿನಗರದಲ್ಲಿ ತಪ್ಪಿಸಿಕೊಳ್ಳಲಿ. ಅದೂ ಆಗದಿದ್ದರೆ ಪ್ರತಿ ಗುದ್ದನ್ನೂ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಲಿ. ಸಹಿ ಹಾಕದೆ ವಾಪಸು ಕಳಿಸುವ ಜವಾಬ್ದಾರಿ ನನ್ನದು. ಇನ್ನೂ ಸುಲಭದ ದಾರಿಯೆಂದರೆ, ಡಾಕ್ಟರು ಒಪ್ಪುವವರೆಗೂ ತಾವು ಅವರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸುವುದು. ತಾವು ಹೇಳಿದರೆ ಕೇಳುತ್ತಾರೆ. ನನ್ನ ಮಾತು ಕೇಳಿ ಅವರಿಗೆ ಅಭ್ಯಾಸವಿಲ್ಲ.

ಭಾನುವಾರದವರೆಗಾದರೂ ತಮ್ಮ ವಿಶ್ವಾಸಿ,
ಗಿರಿಜಾದೇವಿ

ಮರೆತ ಮಾತು: ಇಷ್ಟು ಬರೆಯುವಾಗಲೇ ಒಳಗಿನಿಂದ "ಗಿರಿಜಾ, ಕಾಫಿ" ಎಂಬ ಕೂಗು ಬಂತು. ಅವರಿನ್ನೂ ಗುಣವಾಗಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಹೆಪ್ಪಿಗೆ ಮೊಸರು ಕೇಳಲು ಬಂದ ಪಕ್ಕದ ಮನೆಯ ಅಕ್ಕಯ್ಯಮ್ಮ ಅದನ್ನು ಕೇಳಿ, ಬಾಗಿಲಲ್ಲೇ ನಿಂತು ನನ್ನಿಂದ ಕಥೆಯೆಲ್ಲ ತಿಳಿದುಕೊಂಡು ಹೇಳಿದ್ದನ್ನು ತಮಗೆ ತಲುಪಿಸುತ್ತಿದ್ದೇನೆ: "ನಮ್ಮನೆಯೋರು ಮದ್ವೆ ಆದಾಗಿಂದ ನನ್ನ 'ಲೇ' ಅಂತಾನೇ ಕರೀತಾ ಅವ್ರೆ ಕಣಮ್ಮ. ಭಾನುವಾರ ಜಾಗ ಖಾಲಿ ಆದ್ರೆ ಅವ್ರನ್ನ ಕಳಿಸ್ತೀನಿ ಅಂತ ಬರೀರಿ. ಒಂದೇ ಗುದ್ದು ಸಾಕು."