ಬಾಡದ ಮಾಲೆ

ಹುಬ್ಬಳ್ಳಿಯಲ್ಲಿ ಸತ್ತವರಿಗೆ ನನ್ನ ತಮ್ಮ ಹಾಕಿದಷ್ಟು ಹೂವು ಯಾರೂ ಹಾಕಿಲ್ಲ. ಒಂದು ಹೂವನ್ನೂ ಕೊಂಡವನಲ್ಲ, ಅದು ಬೇರೆ ಮಾತು!

ಅವನು ಚಿತ್ರಗಾರ. ತೀರಿಹೋದವರ ಹಳೇ ಫೋಟೋ ಕೊಟ್ಟರೆ ದೊಡ್ಡ ಬಣ್ಣದ ಚಿತ್ರ ಬರೆದುಕೊಡುತ್ತಿದ್ದ. ಕೊರಳಿಗೆ ಚೆಂಡು ಹೂವಿನ ಮಾಲೆಯನ್ನೂ ಬಣ್ಣದಲ್ಲೇ ಬರೆದುಬಿಡುತ್ತಿದ್ದ. ಯಾಕೆ ಅಂತೀರಿ? ಮಂದಿ ಮೊದಮೊದಲು ದಿನಾ ಹೂವು ತರುತ್ತಾರೆ, ಆಮೇಲೆ ಅಮಾವಾಸ್ಯೆಗೊಮ್ಮೆ, ಆಮೇಲೆ ಒಣಗಿದ್ದೇ ಜೋತಾಡುತ್ತಿರುತ್ತದೆ. "ನನ್ನ ಮಾಲಿ ಬಾಡಂಗಿಲ್ಲಕ್ಕಾ" ಎಂದು ಮೀಸೆ ತಿರುವುತ್ತಿದ್ದ. ಮಾಲೆ ಬರುವ ಜಾಗವನ್ನು ಮೊದಲಿಂದಲೂ ಬಿಳಿಯಾಗಿಯೇ ಬಿಡುತ್ತಿದ್ದ. ಹೇಗೂ ಮುಚ್ಚಿಹೋಗುವ ಕಡೆ ಬಣ್ಣ ಯಾಕೆ ದಂಡ?

ಒಮ್ಮೆ ಹತ್ತಿ ವ್ಯಾಪಾರದ ಸಾಹುಕಾರರೊಬ್ಬರು ತಮ್ಮದೇ ಚಿತ್ರ ಬರೆಸಿದರು. ಕಲ್ಲುಗುಂಡಿನ ಹಾಗೆ ಇದ್ದ ಮನುಷ್ಯ. ಇವನ ಕೈಗೆ ರೂಢಿ ಬಿದ್ದಿತ್ತಲ್ಲ, ಅವರ ಕೊರಳಿಗೂ ಮಾಲೆ ಬಿತ್ತು!

"ಏನ್ರೀ ಇದು? ನಾ ಇನ್ನ ಜೀವಂತ ಅದೇನಿ!"

ಇವನು ಬ್ರಶ್ಶು ಒರೆಸುತ್ತ, "ಇರ್ಲಿ ಬಿಡ್ರಿ ಸಾಹುಕಾರ್ರ. ಮುಂದ ಹೆಂಗಿದ್ರೂ ಬೇಕಾಕ್ಕೈತಲ್ಲ" ಅಂದ.

ಅವರ ಅಂಗಡಿ ಮುಂದೆ ಹಾಯುವಾಗ ನಾನು ಈಗಲೂ ಮುಖಕ್ಕೆ ಸೆರಗು ಎಳೆದುಕೊಳ್ಳುತ್ತೇನೆ.

ನನ್ನ ತಮ್ಮನ ಹೆಂಡತಿ ಬಾಯಿ ಇದ್ದವಳು. "ಊರಾಗಿನ ಸತ್ತಾವ್ರಿಗೆಲ್ಲಾ ಮಾರುಗಟ್ಲೆ ಹೂವ. ನನ್ನ ತುರುಬಿಗೆ ಒಂದ ಮೊಳ ಮಲ್ಲಿಗಿ ತಂದೀರೇನ್ರಿ?" ಎಂದು ಕೇಳುತ್ತಿದ್ದಳು. "ಬರದ ಕೊಡ್ಲೇನು?" ಎನ್ನುತ್ತಿದ್ದ ಈ ಭೂಪ.

ಅವಳೂ ತೀರಿಕೊಂಡಳು. ಮಗಳು ತಾಯಿಯ ಚಿತ್ರ ಬೇಕೆಂದಳು. ಇವನು ಮುಖ ಬರೆದ, ತುರುಬು ಬರೆದ, ಕೈತುಂಬ ಬಳೆ ಬರೆದ. ಕೊರಳ ಹತ್ತಿರ ಬಿಳಿ ಜಾಗ ಉಳಿಯಿತು. ಅಲ್ಲಿಗೆ ಬಂದು ಕೈ ನಿಲ್ಲಿಸಿದ. ಮಾಳಿಗೆ ಮೇಲಿನ ತನ್ನ ತಗಡಿನ ಕೋಣೆಗೆ ಕೀಲಿ ಹಾಕಿ ಕೆಳಗಿಳಿದವನು ವರ್ಷಗಟ್ಟಲೆ ಮತ್ತೆ ಹತ್ತಲಿಲ್ಲ. ಗಿರಾಕಿ ಬಂದರೆ, "ಕೈ ನೋಯಾಕತ್ತೇತ್ರಿ." ಖಡಕ್ ರೊಟ್ಟಿ ಮುರಿಯುವಾಗ ಮಾತ್ರ ಆ ಕೈಗೆ ಏನೂ ಆಗುತ್ತಿರಲಿಲ್ಲ!

ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ ನಾವಿಬ್ಬರೂ ಇರುವುದು ಒಂದೇ ಮನೆಯಲ್ಲಿ. ಇನ್ನೊಂದು ಕೀಲಿ ನನ್ನ ಹತ್ತಿರವಿತ್ತು. ಒಳ್ಳೆಯ ಬಿಸಿಲಿನ ಕೋಣೆಯನ್ನು ಯಾರಾದರೂ ಖಾಲಿ ಬಿಡುತ್ತಾರೆಯೇ? ಚಿತ್ರವನ್ನು ಗೋಡೆಗೆ ಒರಗಿಸಿ, ಅದನ್ನು ಇಡುವ ಸ್ಟ್ಯಾಂಡಿಗೆ ಕೋಲು ಕಟ್ಟಿ ಶಾವಿಗೆ ಒಣಹಾಕಿದೆ.

ಮೊನ್ನೆ ಮಗಳು ಬೇಸತ್ತು, "ಬಿಡಪ್ಪಾ, ಅವ್ವಂದ ಒಂದ ಫ್ಲೆಕ್ಸ್ ಮಾಡಸ್ತೇನಿ" ಅಂದಳು.

"ಫ್ಲೆಕ್ಸ? ನಿಮ್ಮವ್ವ ಏನ್ ಇಲೆಕ್ಷನ್ನಿಗೆ ನಿಂತಾಳೇನು?" ಎಂದವನೇ ದಡದಡ ಮೆಟ್ಟಿಲು ಹತ್ತಿದ. ಮರುಗಳಿಗೆಗೆ ಮೇಲಿಂದ ಕೂಗು.

"ಅಕ್ಕಾ! ನನ್ನ ಸ್ಟ್ಯಾಂಡಿನ ಮ್ಯಾಲೆ ಇದೇನಿದು?"

"ಶಾವಿಗಿ. ನಿನ್ನ ಚಿತ್ರದಂಗಲ್ಲ, ತಿನ್ನಾಕರ ಬರ್ತಾವು."

ಶಾವಿಗೆ ಕೆಳಗಿಳಿಯಿತು. ಇವನ ಕೆಲಸ ಮಾತ್ರ ಏಳಲಿಲ್ಲ. ಕಸಬರಿಗೆಯಂತಾಗಿದ್ದ ಬ್ರಶ್ಶುಗಳನ್ನು ತೊಳೆದ, ಚಹಾ ಕೇಳಿದ. ನೆಲ ಒರೆಸಿದ, ಚಹಾ ಕೇಳಿದ. ಮತ್ತೆ ಬ್ರಶ್ಶು ತೊಳೆದ.

"ಚಿತ್ರ ಬರಿಯಾಕತ್ತೀಯೋ, ಭಾಂಡೆ ತಿಕ್ಕಾಕತ್ತೀಯೋ?"

ಅವನು ನನ್ನತ್ತ ನೋಡಲಿಲ್ಲ. "ಆ ಮಾಲಿ ಬರದ್ರ ಆಕಿ ಖರೇನ ಹೋದಂಗಾಕ್ಕೈತಕ್ಕಾ" ಅಂದ.

"ಹೋಗಿ ಎಷ್ಟೋ ವರ್ಷ ಆತು. ಆಕಿಗೆ ಗೊತ್ತೈತಿ, ನಿನಗ ಗೊತ್ತಿಲ್ಲ" ಎಂದು ಚಹಾದ ಕಪ್ಪು ಇಟ್ಟು ಇಳಿದು ಬಂದೆ. ಇದಕ್ಕಿಂತ ಮೆತ್ತಗೆ ಹೇಳಲು ನನಗೆ ಬರುವುದಿಲ್ಲ.

ಅವತ್ತು ಚಹಾ ಕೇಳಿದ ಸದ್ದು ಬರಲಿಲ್ಲ. ಮರುದಿನ ಬೆಳಿಗ್ಗೆ ಎಲ್ಲಿಗೋ ಹೋಗಿ, ಎಲೆಯಲ್ಲಿ ಏನೋ ಸುತ್ತಿಕೊಂಡು ಬಂದು, ನನಗೆ ತೋರಿಸದೆ ಮೇಲೆ ಹೋದ. ನಾನು ಬಿಡುವವಳೇ? ಮೊಣಕಾಲು ಹಿಡಿದುಕೊಂಡು ಹತ್ತಿದೆ.

ಬಿಳಿ ಜಾಗ ಇರಲಿಲ್ಲ. ಮಾಲೆಯೂ ಇರಲಿಲ್ಲ. ಅಲ್ಲಿ ಕೊರಳಿತ್ತು, ತಾಳಿಯಿತ್ತು, ಇಳಕಲ್ ಸೀರೆಯ ಸೆರಗಿತ್ತು. ತುರುಬಿನ ಹತ್ತಿರ ಸಣ್ಣ ಮೊಳೆ ಬಡಿದು ಒಂದು ಮೊಳ ಮಲ್ಲಿಗೆ ಇಳಿಬಿಟ್ಟಿದ್ದ. ಖರೇ ಮಲ್ಲಿಗೆ. ಅದರ ತುದಿ ಹಸಿ ಬಣ್ಣದ ಹೆಗಲಿಗೆ ಅಂಟಿಕೊಂಡಿತ್ತು.

ಬಾಯಿ ಸುಮ್ಮನಿರಬೇಕಲ್ಲ? "ಸಂಜೀಕ ಬಾಡ್ತಾವಲ್ಲೋ" ಅಂದೆ.

"ಬಾಡ್ಲಿ ಬಿಡಕ್ಕಾ," ಅಂದ ನನ್ನ ತಮ್ಮ. "ಬಾಡಿದ್ರ ನಾಳಿ ತರೂ ಕೆಲಸ ಇರ್ತೈತಿ."