ಒಂದೇ ಗಾಲಿ ಎತ್ತಿದ ಪದವೀಧರ

ಒಪ್ಪಿಕೊಂಡುಬಿಡುತ್ತೇನೆ: 'ನನಗೆ ಗೊತ್ತಿಲ್ಲ' ಎಂಬ ಮಾತು ನನ್ನ ಬಾಯಿಂದ ಸುಲಭಕ್ಕೆ ಹೊರಡುವುದಿಲ್ಲ. ಮೆಟ್ರಿ ಎಂಬ ಹಳ್ಳಿಯ ನಮ್ಮ ಮನೆತನದಲ್ಲಿ ಡಿಗ್ರಿ ಕಂಡವನು ನಾನೇ ಮೊದಲು. ಭತ್ತದ ಗದ್ದೆಯಲ್ಲಿ ಗೊಬ್ಬರ ಹೊತ್ತು, ಎರಡು ಸಲ ಫೇಲಾಗಿ, ಮೂರನೇ ಸಲಕ್ಕೆ ಬಿ.ಎಸ್ಸಿ. ಮುಗಿಸಿದವನು, ಈಗ ಕಂಪ್ಲಿಯಲ್ಲಿ ವಿಜ್ಞಾನದ ಮೇಷ್ಟ್ರು. ಅಂದಿನಿಂದ ಮಾತ್ರೆಯ ಹಿಂದಿನ ಅಕ್ಷರವಿರಲಿ, ಪಂಪ್‌ಸೆಟ್ಟಿನ ಕಾಯಿಲೆಯಿರಲಿ, ಮನೆಯವರೆಲ್ಲ ನನ್ನ ಮುಖ ನೋಡುತ್ತಾರೆ. ನನಗೂ ಅದು ಹಿತವಾಗಿಯೇ ಇರುತ್ತದೆ.

ನಮ್ಮ ಅತ್ತಿಗೆ ಈರಮ್ಮ ಟ್ರೇಲರ್ ಒಂದಕ್ಕೆ ಒಲೆ, ಪಾತ್ರೆ, ರೊಟ್ಟಿ ಮಷಿನ್ ಕೂಡಿಸಿ ಓಡಾಡುವ ಅಡುಗೆಮನೆ ಮಾಡಿಸಿದರು. ಎಳೆಯುವುದಕ್ಕೆ ಅಣ್ಣ ಹುಲುಗಪ್ಪನ ಹಳೆಯ ಪಿಕಪ್ಪು. ಮೊದಲ ಆರ್ಡರ್ ಭಾನುವಾರ, ಬಂಡ್ರಿಯಲ್ಲಿ ಗೃಹಪ್ರವೇಶ. ಮಂಗಳವಾರ ಒಮ್ಮೆ ಎಳೆದು ನೋಡೋಣವೆಂದು ಹೊರಟರೆ, ಹೊಸಪೇಟೆ ದಾಟಿ ಸಂಡೂರಿನ ಏರು ಬಂದದ್ದೇ ಗಾಡಿ ಫಸ್ಟ್ ಗೇರಿನಲ್ಲೂ ಅಳತೊಡಗಿತು. ಕ್ಲಚ್ಚು ಸುಟ್ಟ ವಾಸನೆ, ಹಿಂದೆ ಅದಿರಿನ ಲಾರಿಯ ಹಾರ್ನು. ಅತ್ತಿಗೆ ಬೇಸತ್ತು ಇಳಿದು ನಡೆದರು. ನಾವು ಮೇಲೆ ಮುಟ್ಟುವಷ್ಟರಲ್ಲಿ ಅವರು ಕಲ್ಲಿನ ಮೇಲೆ ಕೂತು ಎಲೆಅಡಿಕೆ ಮುಗಿಸಿದ್ದರು.

"ಆರ್ಡರ್ ಬ್ಯಾಡ ಅಂತ ಫೋನ್ ಮಾಡಿಬಿಡ್ಲೇನು?" ಎಂದರು. ಯಾವತ್ತೂ ಗಟ್ಟಿಯಾಗಿರುವ ದನಿ ಆವತ್ತು ಸಣ್ಣದಾಗಿತ್ತು.

"ಲೇ ತಮ್ಮ, ಓದಿದೋನು ನೀನು. ಏನರ ಹೇಳು," ಎಂದ ಅಣ್ಣ.

ನನಗೆ ಮೈಯೆಲ್ಲ ಹುರುಪು! ಹಿಂದಿನ ಆಕ್ಸಲ್‌ನೊಳಗೆ ಕ್ರೌನ್ ಎಂಬ ದೊಡ್ಡ ಹಲ್ಲಿನ ಚಕ್ರವಿರುತ್ತದೆ, ಅದನ್ನು ತಿರುಗಿಸುವ ಪಿನಿಯನ್ ಎಂಬ ಚಿಕ್ಕದಿರುತ್ತದೆ. ಗಾಲಿ ಒಂದು ಸುತ್ತು ಬರಲು ಇಂಜಿನ್ನಿನಿಂದ ಬರುವ ಶಾಫ್ಟು ಎಷ್ಟು ಸುತ್ತಬೇಕೋ ಅದೇ ಲೆಕ್ಕ. ಸುತ್ತು ಹೆಚ್ಚಾದಷ್ಟೂ ಎಳೆತ ಹೆಚ್ಚು, ಓಟ ಕಡಿಮೆ. ಮನೆಗೆ ಬಂದವನೇ ಜಾಕ್ ಕೊಟ್ಟು ಹಿಂದಿನ ಒಂದು ಗಾಲಿ ಎತ್ತಿದೆ, ಸುಣ್ಣದ ಗುರುತು ಹಾಕಿ ಒಂದು ಸುತ್ತು ತಿರುಗಿಸಿದೆ. ಕೆಳಗೆ ಮಲಗಿದ್ದ ಅಣ್ಣ ಕೂಗಿದ: "ಶಾಫ್ಟು ಎರಡು ಸುತ್ತು, ಮ್ಯಾಲ ಚೂರು!"

ಎರಡೇ! ನಾಲ್ಕಾದರೂ ಬೇಕಲ್ಲ! ಆ ಚೂರನ್ನೂ ಅಳೆದು ಸೇರಿಸಿ, ನೆರೆದಿದ್ದ ಓಣಿಗೆಲ್ಲ ಕಾಣುವಂತೆ ಗೋಡೆಯ ಮೇಲೆ 2.05 ಎಂದು ಬರೆದು ಅಡಿಗೆರೆ ಎಳೆದೆ. ಬುಧವಾರ ಮೂವರೂ ಹೊಸಪೇಟೆಯ ಮೇಸ್ತ್ರಿ ಭಾಷಾ ಅವರ ಗ್ಯಾರೇಜಿಗೆ ಹೋದೆವು.

"ಯಾರೋ ತಪ್ಪು ಕ್ರೌನ್ ಹಾಕ್ಯಾರ್ರಿ. ಡಬಲ್ ಮಾಡ್ರಿ, ನಾಲ್ಕು ಪಾಯಿಂಟ್ ಒಂದರದ್ದು ಹಾಕ್ರಿ," ಎಂದೆ.

"ಅಳತಿ ತಗೊಂಡಾಗ ಎಷ್ಟು ಗಾಲಿ ಎತ್ತಿದ್ರಿ ಸರ?"

"ಒಂದು."

ಭಾಷಾ ನಗಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ಎರಡೂ ಗಾಲಿ ಎತ್ತಿಸಿ, "ಅಣ್ಣ ಆ ಕಡೆ, ತಮ್ಮ ಈ ಕಡೆ. ಕೂಡೇ ತಿರುವ್ರಿ," ಎಂದರು. ನಾನು ಅವಸರ ಮಾಡಿದೆ, ಅಣ್ಣ ಹಿಂದೆ ಬಿದ್ದ. ಮೂರನೇ ಸಲಕ್ಕೆ ಇಬ್ಬರ ಕೈ ಕೂಡಿತು. ಶಾಫ್ಟು ನಾಲ್ಕು ಸುತ್ತು, ಮೇಲೆ ಚೂರು.

"ಒಂದು ಗಾಲಿ ನೆಲಕ್ಕ ಕುಂತ್ರ ಅರ್ಧ ಲೆಕ್ಕ ಅದು ನುಂಗತೈತ್ರಿ. ನೀವು ಕೇಳೋ ಕ್ರೌನ್ ನಿಮ್ಮ ಗಾಡಿಯಾಗ ಐತಿ ಸರ."

"ಹಂಗಂದ್ರ ಇದ್ದದ್ದನ್ನ ತೆಗೆದು ಇದ್ದದ್ದನ್ನ ಹಾಕಿಸ್ತಿದ್ವೇನ್ರಿ?" ಎಂದರು ಅತ್ತಿಗೆ.

ಹಾಗಾದರೆ ಎಲ್ಲಕ್ಕಿಂತ ದೊಡ್ಡ ನಂಬರಿನದೇ ಹಾಕಿ ಎಂದೆ; ಮಾರ್ಕ್ಸಿಗೆ ಓದಿದವನ ಚಟ. "ಆಗ ಸಪಾಟ ರಸ್ತೆದಾಗ ಎತ್ತಿನಗಾಡಿನೂ ನಿಮಗ ಸೈಡ್ ಹೊಡೀತೈತ್ರಿ," ಎಂದು ಭಾಷಾ, ಪಿನಿಯನ್ನಿಗೆ ಒಂಬತ್ತು ಹಲ್ಲು, ಕ್ರೌನಿಗೆ ನಲವತ್ತಮೂರು ಹಲ್ಲು ಇದ್ದ ಜೋಡಿಯೊಂದನ್ನು ಆರಿಸಿ ಹಾಕಿದರು. ಭಾಗಿಸಿದರೆ ಐದಕ್ಕೆ ಸ್ವಲ್ಪ ಕಡಿಮೆ.

ಭಾನುವಾರ ಅದೇ ಏರು! ಫಸ್ಟ್ ಗೇರಿನಲ್ಲಿ ಗಾಡಿ ಅಳದೆ ಮೇಕೆಯಂತೆ ಹತ್ತಿತು. ಅಣ್ಣ ಕೇಕೆ ಹಾಕಿದ, ನಾನೂ ಹಾಕಿದೆ. ಅತ್ತಿಗೆ ಇಳಿಯಲಿಲ್ಲ.

ಬಂಡ್ರಿಯ ಪಂಕ್ತಿಯಲ್ಲಿ ಅಣ್ಣ, "ಎಲ್ಲಾ ನಮ್ಮ ತಮ್ಮನ ಲೆಕ್ಕ್ರಿ, ಡಿಗ್ರಿ ಆಗ್ಯಾನ," ಎಂದು ಸಾರಿಬಿಟ್ಟ. ಪಕ್ಕದ ಎಲೆಯವರು ತಮ್ಮ ಗಾಡಿಯೂ ಎಳೆಯುವುದಿಲ್ಲವೆಂದು ಸಲಹೆ ಕೇಳಿದರು. ನಾನು ಗಂಭೀರವಾಗಿ, "ಮೊದಲು ಎರಡೂ ಗಾಲಿ ಎತ್ರಿ. ಭಾಳ ಮಂದಿ ಒಂದೇ ಎತ್ತಿ ತಪ್ಪು ಮಾಡ್ತಾರ," ಎಂದೆ.

ಸೌಟು ಹಿಡಿದು ಬಂದ ಅತ್ತಿಗೆ ಅಲ್ಲೇ ನಿಂತರು. "ಹೌದ್ರಿ, ಹಂಗ ಮಾಡಿದೋರು ನಮ್ಮ ಓಣಿಯಾಗೂ ಒಬ್ರು ಅದಾರ. ಗೋಡಿ ಮ್ಯಾಲ ಬರೆದಿಟ್ಟಾರ."

ನಾನು ತಲೆ ಎತ್ತದೆ, ಇನ್ನೊಂದು ರೊಟ್ಟಿ ಹಾಕಿ ಎಂದೆ.