ಒಂಟೆಯ ಬೆನ್ನ ಮೇಲೊಂದು ಅಟ್ಟ

ಪಾಠ ಹೇಳುವುದು ಸುಲಭ. ಹೇಳಿದ್ದು ಮಕ್ಕಳ ತಲೆಗೆ ಹೋಯಿತೋ ಇಲ್ಲವೋ ಎಂದು ಪರೀಕ್ಷಿಸಲು ಹೊರಟರೆ ಮಾತ್ರ ಹೇಳಿದವರ ತಲೆ ಕೆಡುತ್ತದೆ. ನಿವೃತ್ತಿಯಾಗುವ ತನಕ ನನಗೆ ಇದು ಆಗುತ್ತಲೇ ಇತ್ತು. ಆದರೆ ಮೊದಲ ಊರಿನಲ್ಲಿ ಆದ ಹಾಗೆ ಮತ್ತೆಲ್ಲೂ ಆಗಲಿಲ್ಲ.

ಎಪ್ಪತ್ತರ ದಶಕದ ಕೊನೆ. ತುಮಕೂರಿನ ಪೇಟೆಯಲ್ಲಿ ಬೆಳೆದ ನಾನು ಪ್ರೈಮರಿ ಸ್ಕೂಲ್ ಟೀಚರಾಗಿ ಸೇರಿದ್ದು ಚಿಕ್ಕನಾಯಕನಹಳ್ಳಿ ಕಡೆಯ ಒಂದು ಹಳ್ಳಿಗೆ. ತಿಪಟೂರಿನಲ್ಲಿ ಬಾಡಿಗೆ ಮನೆ, ದಿನಾ ಬಸ್ಸು, ಬಸ್ಸಿಳಿದ ಮೇಲೆ ತೆಂಗಿನ ತೋಟಗಳ ನಡುವೆ ನಡಿಗೆ. ಸೇರಿದ ಎರಡನೇ ವರ್ಷ ನನ್ನ ಪ್ರೊಬೇಷನ್ ಮುಗಿಯಬೇಕಿತ್ತು. ಇನ್‌ಸ್ಪೆಕ್ಟರು ಬಂದು ಮಕ್ಕಳನ್ನು ಪ್ರಶ್ನೆ ಕೇಳಿ, ತೃಪ್ತಿಯಾಗಿದೆ ಎಂದು ಬರೆದರೆ ನೌಕರಿ ಕಾಯಂ. ಇಲ್ಲದಿದ್ದರೆ ದೇವರೇ ಗತಿ. ತುಮಕೂರಿನ ಮನೆಯಲ್ಲಿ ಇಬ್ಬರು ತಮ್ಮಂದಿರು ಓದುತ್ತಿದ್ದರು, ನನ್ನ ಸಂಬಳದ ಮೇಲೇ ಒಲೆ ಉರಿಯುತ್ತಿತ್ತು.

ಆ ಇನ್‌ಸ್ಪೆಕ್ಟರಿಗೆ ಅದೇನು ಪ್ರಾಣಿಗಳ ಹುಚ್ಚೋ, ಹೋದ ಶಾಲೆಯಲ್ಲೆಲ್ಲ ನಾಲ್ಕನೇ ಕ್ಲಾಸಿನವರನ್ನು ಒಂದೇ ಪಾಠ ಕೇಳುತ್ತಿದ್ದಾರೆ ಎಂದು ಬಸ್ಸಿನ ಕಂಡಕ್ಟರೇ ನಮಗೆ ಸುದ್ದಿ ತಂದಿದ್ದ. ಪ್ರಾಣಿಗಳು ಎಲ್ಲಿ ವಾಸಿಸುತ್ತವೆ, ಅಲ್ಲಿಗೆ ಹೇಗೆ ಹೊಂದಿಕೊಂಡಿವೆ ಎನ್ನುವ ಪಾಠ. ನಾಲ್ಕನೇ ಕ್ಲಾಸು ನನ್ನದೇ. ನನಗೆ ಆಗಿನಿಂದಲೇ ಊಟ ಸೇರದಾಯಿತು.

ಇಲಿಯ ವಿಳಾಸ

ಮೊದಲು ಒಂದು ಸಣ್ಣ ಪರೀಕ್ಷೆ ಕೊಟ್ಟೆ. "ಇಲಿ ಎಲ್ಲಿ ವಾಸಿಸುತ್ತದೆ?" ಎನ್ನುವುದು ಅದರಲ್ಲಿ ತೀರ ಸುಲಭದ ಪ್ರಶ್ನೆ. ಪುಸ್ತಕದಲ್ಲಿ ಒಂದೇ ಪದದ ಉತ್ತರ: ಬಿಲ.

ತಿದ್ದಲು ಕೂತರೆ ಹೆಚ್ಚುಕಡಿಮೆ ಇಡೀ ಕ್ಲಾಸು ಬರೆದಿತ್ತು: "ತೆಂಗಿನ ಮರದ ಮೇಲೆ." ಒಬ್ಬ ತಪ್ಪು ಬರೆದು ಎಲ್ಲರೂ ಕಾಪಿ ಹೊಡೆದಿದ್ದಾರೆ ಎಂದುಕೊಂಡೆ. ಬಿಲ ಎಂದು ಬರೆದವರು ಬೇರೆ ಊರಿನಿಂದ ಬಂದಿದ್ದ ಪೋಸ್ಟ್ ಮಾಸ್ತರ ಅವಳಿ ಮಕ್ಕಳು ಮಾತ್ರ. ಉಳಿದವರಿಗೆಲ್ಲ ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿದೆ.

ಮರುದಿನ ಬೆಳಿಗ್ಗೆ ಒಬ್ಬ ಹುಡುಗನ ಅಪ್ಪ ಬಂದರು. ಟವೆಲಿನಲ್ಲಿ ಕಟ್ಟಿಕೊಂಡು ಬಂದಿದ್ದ ಎಳನೀರುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಒಂದೊಂದರಲ್ಲೂ ದುಂಡಗೆ ಒಂದು ತೂತು.

"ಈ ತೂತು ಯಾರು ಕೊರ್ದಿರದು, ಹೇಳಿ ಮೇಡಂ."

"ಯಾರು?"

"ಇಲಿ ಕಣ್ರೀ. ಮರದ ಸುಳೀಲೇ ಗೂಡು ಮಾಡ್ಕೊಂಡು ಮಕ್ಳುಮರಿ ಹಾಕ್ಕೊಂಡು ಸಂಸಾರ ಮಾಡ್ತಾ ಐತೆ. ಬಿಲದಾಗೆ ಇದ್ದಿದ್ರೆ ಒಂದು ಎಳನೀರಿಗೋಸ್ಕರ ದಿನಾ ಅಷ್ಟೆತ್ತರ ಹತ್ತಿ ಇಳೀತಿತ್ತಾ? ನೀವಾದ್ರೆ ಹತ್ತೀರಾ?"

ನಾನು ಹತ್ತುವುದಿಲ್ಲ ಎಂದು ಒಪ್ಪಿಕೊಂಡೆ. ಆದರೆ ಇನ್‌ಸ್ಪೆಕ್ಟರು ಕೇಳಿದರೆ ಮಕ್ಕಳು ಯಾವುದನ್ನು ಹೇಳಬೇಕು? ತಲೆ ಕೆಟ್ಟು ಹೆಡ್‌ಮಾಸ್ತರ ಹತ್ತಿರ ಹೋದೆ. ಅವರು ಅದೇ ಊರಿನವರು, ಸ್ವಂತ ತೋಟ ಇದ್ದವರು, ಜೀವಮಾನದಲ್ಲಿ ಯಾರನ್ನೂ ಎದುರು ಹಾಕಿಕೊಳ್ಳದವರು. ತುಂಬ ಯೋಚಿಸಿ, "ಬಿಲಕ್ಕೆ ಅರ್ಧ ಅಂಕ, ಮರಕ್ಕೆ ಅರ್ಧ ಅಂಕ ಕೊಟ್ಬುಡಿ ಮೇಡಂ. ಇಲೀಗೂ ಬೇಜಾರಾಗಲ್ಲ" ಎಂದರು.

ಹಾಗೇ ತಿದ್ದಿದೆ. ಊರು ತಣ್ಣಗಾಯಿತು. ಸಂಜೆ ಹೊತ್ತಿಗೆ ಅವಳಿಗಳು ಅಳಲು ಶುರು ಮಾಡಿದವು. ನಿನ್ನೆ ಒಂದು ಅಂಕ ಇದ್ದದ್ದು ಇವತ್ತು ಅರ್ಧ ಹೇಗಾಯಿತು, ನಾವು ಪುಸ್ತಕದಲ್ಲಿ ಇದ್ದದ್ದನ್ನೇ ಬರೆದಿದ್ದೆವಲ್ಲ ಎಂದು. ಕಿಟಕಿಯಿಂದ ನೋಡಿದರೆ ಪೋಸ್ಟ್ ಮಾಸ್ತರು ಕಂಕುಳಲ್ಲಿ ಪುಸ್ತಕ ಇಟ್ಟುಕೊಂಡು ದಾಪುಗಾಲು ಹಾಕಿ ಬರುತ್ತಿದ್ದರು. ನಾನು ಹಿಂಬಾಗಿಲಿನಿಂದ ಹೊರಟವಳು ಬಸ್ಸು ಹತ್ತುವ ತನಕ ತಿರುಗಿ ನೋಡಲಿಲ್ಲ. ಇಲಿಗೆ ಎರಡು ವಾಸಸ್ಥಾನಗಳಾದರೂ ಇದ್ದವು, ಆ ಹೊತ್ತಿನಲ್ಲಿ ನನಗೆ ಒಂದೂ ಇರಲಿಲ್ಲ.

ರೇಟು ಬರಲಿ ಅಂತ

ಒಂಟೆಯ ಪಾಠಕ್ಕೆ ಬಂದಾಗ ಎಚ್ಚರಿಕೆಯಿಂದಲೇ ಇದ್ದೆ. ಒಂಟೆ ಆ ಊರಿನ ಯಾವ ಮರದ ಮೇಲೂ ಇರಲು ಸಾಧ್ಯವಿಲ್ಲ ಎನ್ನುವ ಧೈರ್ಯ. ಮರುಭೂಮಿಯಲ್ಲಿ ಮಳೆಯಿಲ್ಲ, ಮೇವಿಲ್ಲ. ಅದಕ್ಕೇ ಒಂಟೆ ಸಿಕ್ಕಾಗ ತಿಂದದ್ದನ್ನು ಕೊಬ್ಬು ಮಾಡಿ ಬೆನ್ನ ಮೇಲಿನ ಡುಬ್ಬದಲ್ಲಿ ಇಟ್ಟುಕೊಳ್ಳುತ್ತದೆ, ಇಲ್ಲದ ಕಾಲಕ್ಕೆ ಬಳಸುತ್ತದೆ ಎಂದು ಹೇಳಿದೆ.

ಎಂದೂ ಬಾಯಿ ಬಿಡದ ಒಬ್ಬ ಹುಡುಗ ಎದ್ದು, "ನಮ್ಮನೆ ಅಟ್ಟ ಇದ್ದಂಗಾ ಮೇಡಂ?" ಎಂದ.

ನನಗೆ ಕಣ್ಣಲ್ಲಿ ನೀರು ಬರುವಷ್ಟು ಸಂತೋಷವಾಯಿತು. ಆ ಕಡೆ ತೆಂಗಿನಕಾಯನ್ನು ಕಿತ್ತ ಕೂಡಲೇ ಒಡೆಯುವುದಿಲ್ಲ. ಮನೆಯ ಅಟ್ಟಕ್ಕೆ ತುಂಬಿ ಹೆಚ್ಚುಕಡಿಮೆ ವರ್ಷದ ತನಕ ಬಿಡುತ್ತಾರೆ. ಕಾಯೊಳಗೇ ಒಣಗಿ ಕೊಬ್ಬರಿಯಾಗುತ್ತದೆ. ಆಮೇಲೆ ಇಳಿಸಿ ತಿಪಟೂರು ಮಾರ್ಕೆಟ್ಟಿಗೆ. "ಹೌದು ಕಣೋ, ಥೇಟ್ ಅಟ್ಟ ಇದ್ದ ಹಾಗೇ!" ಎಂದು ಬೆನ್ನು ತಟ್ಟಿದೆ. ತಟ್ಟಬಾರದಿತ್ತು.

ಪರೀಕ್ಷೆಯಲ್ಲಿ, "ಒಂಟೆಯು ಡುಬ್ಬದಲ್ಲಿ ಕೊಬ್ಬನ್ನು ಏಕೆ ಶೇಖರಿಸುತ್ತದೆ?" ಎಂದು ಕೇಳಿದ್ದಕ್ಕೆ ಒಬ್ಬಳು ಬರೆದಿದ್ದಳು: "ತಿಪಟೂರಿನಲ್ಲಿ ರೇಟು ಬರಲಿ ಎಂದು." ಇನ್ನೊಬ್ಬ: "ಡುಬ್ಬವನ್ನು ಅಲ್ಲಾಡಿಸಿದಾಗ ಒಳಗೆ ಲೊಟಲೊಟ ಸದ್ದಾದರೆ ಚೆನ್ನಾಗಿ ಒಣಗಿದೆ ಎಂದು ತಿಳಿಯಬೇಕು." ಮೂರನೆಯವನು, ಒಂಟೆಯು ಮಳೆಗಾಲಕ್ಕೆ ಮೊದಲು ತನ್ನ ಅಟ್ಟದ ಹೆಂಚು ಕೈಯಾಡಿಸಿ ಸೋರದ ಹಾಗೆ ಮಾಡಿಕೊಳ್ಳುತ್ತದೆ ಎಂದು.

ಇವರಿಗೆ ಪಾಠ ಅರ್ಥವಾಗಿದೆಯೋ ಆಗಿಲ್ಲವೋ ನನಗೆ ಅರ್ಥವಾಗಲಿಲ್ಲ. ಮತ್ತೆ ಹೆಡ್‌ಮಾಸ್ತರ ಮುಂದೆ ಪೇಪರು ಹಿಡಿದೆ. ಅವರು ಕನ್ನಡಕ ಹಾಕಿಕೊಂಡು ಮೊದಲನೆಯ ಉತ್ತರವನ್ನು ಎರಡೆರಡು ಸಲ ಓದಿದರು. ಆಮೇಲೆ ಉಸಿರು ಬಿಟ್ಟು, "ಒಂಟೆ ಜಾಣ ಪ್ರಾಣಿ ಬುಡಿ ಮೇಡಂ. ನಾನು ದಡ್ಡ ನನ್ಮಗ, ಹೋದ ತಿಂಗಳೇ ಅಟ್ಟದ ಕಾಯಿ ಇಳಿಸ್ಬುಟ್ಟೆ" ಎಂದರು.

ಗುಡ್ಡದ ಕರಡಿ

ಹಿಮಕರಡಿಯ ಚಿತ್ರ ತೋರಿಸಿದಾಗ, ಅದು ಯಾಕೆ ಬೆಳ್ಳಗಿದೆ ಎಂದರೆ "ವಯಸ್ಸಾಗೈತೆ" ಎಂದು ಮುಂದಿನ ಬೆಂಚು ತೀರ್ಮಾನ ಕೊಟ್ಟಿತು. ಹಾಗಲ್ಲ, ಅಲ್ಲಿ ನೆಲವೆಲ್ಲ ಬಿಳಿ, ಇದೂ ಬಿಳಿ, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಬಿಡಿಸಿ ಹೇಳಿದೆ. ಆ ಊರಿನ ಹಿಂದಿನ ಗುಡ್ಡದಲ್ಲಿ ನಿಜವಾದ ಕರಡಿಗಳಿದ್ದವು. ಹಲಸು ಹಣ್ಣಾದಾಗ ತೋಟಕ್ಕೇ ಇಳಿಯುತ್ತಿದ್ದವು. ಅದಕ್ಕೇ ಅದನ್ನೇ ಹಿಡಿದು ಕೇಳಿದೆ:

"ನಮ್ಮ ಗುಡ್ಡದ ಕಪ್ಪು ಕರಡೀನ ತಗೊಂಡು ಹೋಗಿ ಆ ಹಿಮದಲ್ಲಿ ಬಿಟ್ಟರೆ ಏನಾಗುತ್ತೆ?"

"ಎಲ್ರಿಗೂ ಕಾಣಿಸ್ತೈತೆ ಮೇಡಂ" ಎಂದ ಒಬ್ಬ ಹುಡುಗ.

"ಜಾಣ! ಕಾಣಿಸಿದರೆ ಅದಕ್ಕೆ ಏನು ತೊಂದರೆ?"

ಹುಡುಗ ನನ್ನನ್ನು ಕನಿಕರದಿಂದ ನೋಡಿದ. "ಅದಕ್ಕೇನ್ ತೊಂದ್ರೆ ಮೇಡಂ? ತೊಂದ್ರೆ ಕಂಡೋರಿಗೆ."

ಮನೆಯಲ್ಲಿ ಯಾರಿರುತ್ತಾರೆ

ತಪಾಸಣೆಗೆ ಇನ್ನು ಒಂದೇ ವಾರ ಎಂದಾಗ ಬರೆಸುವುದನ್ನು ಬಿಟ್ಟು ರಟ್ಟಿಗೆ ಕೈ ಹಾಕಿದೆ. ರಟ್ಟಿನಲ್ಲಿ ಮರ, ಕೆರೆ, ಬಿಲ, ಕಾಡು, ಒಂದು ಹೆಂಚಿನ ಮನೆ ಕತ್ತರಿಸಿದೆ. ಪ್ರಾಣಿಗಳ ಚಿತ್ರ ಬೇರೆ. ಒಂದೊಂದು ಪ್ರಾಣಿಯನ್ನೂ ಅದು ಇರುವ ಜಾಗದಲ್ಲಿ ಇಡಬೇಕು, ಅಷ್ಟೇ. ಕ್ಲಾಸಿನಲ್ಲೇ ಚುರುಕಾದ ಒಬ್ಬ ಹುಡುಗಿಯನ್ನು ಕರೆದೆ. ಮೀನನ್ನು ಕೆರೆಗೆ ಹಾಕಿದಳು. ಹುಲಿಯನ್ನು ಕಾಡಿಗೆ ಕಳಿಸಿದಳು. ನನ್ನ ಎದೆ ಹಗುರವಾಯಿತು. ಆಮೇಲೆ ಎಮ್ಮೆಯನ್ನು ಎತ್ತಿಕೊಂಡು ನೇರ ಮನೆಯ ನಡುವೆ ಇಟ್ಟಳು.

"ಎಮ್ಮೆ ಮನೆಯೊಳಗೆ ಇರುತ್ತೇನಮ್ಮ?"

"ಹೂಂ ಮೇಡಂ. ಒಳಗ್ ಕಾಲಿಟ್ಟೇಟ್ಗೆ ಎಡಗಡೆ."

ಹಾವನ್ನು ಅಟ್ಟಕ್ಕೆ ಹತ್ತಿಸಿದಳು. ಯಾಕೆಂದರೆ, "ಅಟ್ಟದಾಗೆ ಕಾಯಿ ಐತಲ್ಲ, ಕಾಯಿಗೆ ಇಲಿ ಬತ್ತದೆ, ಇಲಿಗೆ ಅದು ಬತ್ತದೆ. ನಮ್ಮಜ್ಜಿ ಅದರ ತಂಟೆಗೋಗಬ್ಯಾಡಿ ಅಂದೈತೆ." ಬೆಕ್ಕು ಒಲೆಯ ಪಕ್ಕ. ಕೋಳಿ ಬಚ್ಚಲ ಮೂಲೆ. ಕುರಿಮರಿ ದೇವರಮನೆಯ ಬಾಗಿಲಿಗೆ. ಮನೆ ಭರ್ತಿಯಾಯಿತು. ಕೊನೆಗೆ ಮನುಷ್ಯನ ಚಿತ್ರ ಒಂದು ಉಳಿಯಿತು. ಅದನ್ನು ಹಿಡಿದುಕೊಂಡು ಮನೆಯನ್ನು ಮೇಲೆ ಕೆಳಗೆ ನೋಡಿದಳು, ಜಾಗ ಕಾಣಲಿಲ್ಲ. ಹೊರಗಡೆ ಜಗಲಿಯ ಮೇಲೆ ಇಟ್ಟಳು.

"ಮನುಷ್ಯ ಯಾಕೆ ಹೊರಗೆ?" ಎಂದೆ.

"ನಮ್ಮಪ್ಪ ಮೇಡಂ. ಒಳಗೆ ಎಲ್ರೂ ತುಂಬ್ಕೊಂಡವ್ರಲ್ಲ."

ಇನ್‌ಸ್ಪೆಕ್ಟರು ಬಂದರು

ಆ ದಿನ ಬೆಳಿಗ್ಗೆ ಹೆಡ್‌ಮಾಸ್ತರು ಮದುವೆಯ ಕೋಟು ಹಾಕಿಕೊಂಡು ನಿಂತಿದ್ದರು. ನಾನು ರಾತ್ರಿಯಿಡೀ ಕಣ್ಣು ಮುಚ್ಚದೆ ಎದ್ದು ಬಂದಿದ್ದೆ. ಇಲಿ ಬಿಲದಲ್ಲಿ, ಒಂಟೆಗೆ ಅಟ್ಟವಿಲ್ಲ, ಎಮ್ಮೆ ಕೊಟ್ಟಿಗೆಯಲ್ಲಿ ಎಂದು ಮಕ್ಕಳಿಗೆ ಗಿಳಿಪಾಠ ಮಾಡಿಸಿದ್ದೆ. ಇನ್‌ಸ್ಪೆಕ್ಟರು ಒಳಗೆ ಬಂದು ಇವು ಯಾವುದನ್ನೂ ಕೇಳಲಿಲ್ಲ.

"ಶತ್ರು ಎದುರಿಗೆ ಬಂದಾಗ ಪ್ರಾಣಿಗಳು ಜೀವ ಉಳಿಸಿಕೊಳ್ಳೋಕೆ ಏನು ಮಾಡುತ್ತವೆ? ಬಾಯಲ್ಲಿ ಹೇಳಬೇಡಿ, ಮಾಡಿ ತೋರಿಸಿ" ಎಂದರು.

ನನ್ನ ಗಿಳಿಪಾಠವೆಲ್ಲ ದಂಡವಾಯಿತು. ಆದರೆ ಮಕ್ಕಳು ಹೆದರಲಿಲ್ಲ. ಒಬ್ಬ ಆಮೆಯಾಗಿ ತಲೆಯನ್ನು ಅಂಗಿಯೊಳಗೆ ಎಳೆದುಕೊಂಡ. ಒಬ್ಬಳು ಮುಳ್ಳುಹಂದಿಯಾಗಿ ಬೆರಳುಗಳ ಸಂದಿಗೆಲ್ಲ ಬಳಪದ ಕಡ್ಡಿ ಸಿಗಿಸಿಕೊಂಡು ಬೆನ್ನು ತಿರುಗಿಸಿದಳು. ಒಬ್ಬ ಮೊಲವಾದ. ಮೊಲವಾದವನು ಓಡಿದ, ಬಾಗಿಲು ದಾಟಿದ, ತೋಟ ದಾಟಿದ, ಆ ದಿನ ಮತ್ತೆ ಸಿಗಲಿಲ್ಲ. ಇನ್‌ಸ್ಪೆಕ್ಟರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನೌಕರಿ ಕಾಯಂ ಆಯಿತು ಎಂದೇ ನಾನು ಮನಸ್ಸಿನಲ್ಲಿ ಕೈಮುಗಿದೆ.

ಆಗ ಅವರು ಮೂಲೆಯಲ್ಲಿದ್ದ ಒಬ್ಬ ಪುಟ್ಟ ಹುಡುಗಿಗೆ "ನೀನು ತೋರಿಸಮ್ಮ" ಎಂದರು. ಅವಳು ಎದ್ದು ನಿಂತಳು. ನಿಂತೇ ಇದ್ದಳು. ಕೈ ಆಡಲಿಲ್ಲ, ಕಾಲು ಆಡಲಿಲ್ಲ, ರೆಪ್ಪೆ ಕೂಡ ಬಡಿಯಲಿಲ್ಲ.

"ಭೇಷ್! ಎಲೆಯ ಮೇಲಿನ ಹಸಿರು ಹುಳ! ಅಲ್ಲಾಡದೆ ಕೂತರೆ ಹಕ್ಕಿಗೆ ಕಾಣೋದೇ ಇಲ್ಲ. ಹುಳ ತಾನೇ?"

ಇನ್‌ಸ್ಪೆಕ್ಟರು ಬಗ್ಗಿ ಅವಳ ಮುಖ ನೋಡಿದರು.

"ಓತಿಕ್ಯಾತನಾ? ಹೆದರಬೇಡ ಕಣಮ್ಮ, ಬಾಯಿ ಬಿಟ್ಟು ಹೇಳು. ಯಾವ ಪ್ರಾಣಿ ನೀನು?"

ಹುಡುಗಿ ತುಟಿ ಮಾತ್ರ ಅಲ್ಲಾಡಿಸಿದಳು. "ಪ್ರಾಣಿ ಅಲ್ಲ ಸಾ. ಎಡ್ಮಾಸ್ಟ್ರು ಹೇಳ್ಕೊಟ್ಟವ್ರೆ. ಇನ್ಸ್‌ಪೆಟ್ರು ಕೇಳಿದ್ದು ತಿಳೀದಿದ್ರೆ ಅಲ್ಲಾಡ್ದೆ ಮಾತಾಡ್ದೆ ನಿಂತ್ಕಬೇಕು. ಒಸಿ ಹೊತ್ತು ನೋಡಿ ಮುಂದ್ಕೋಯ್ತಾರೆ ಅಂತ."

ಇನ್‌ಸ್ಪೆಕ್ಟರು ನಿಧಾನವಾಗಿ ಹೆಡ್‌ಮಾಸ್ತರ ಕಡೆ ತಿರುಗಿದರು. "ಏನ್ರೀ ಇದು?"

ಹೆಡ್‌ಮಾಸ್ತರು ಅಲ್ಲಾಡಲಿಲ್ಲ, ಮಾತಾಡಲಿಲ್ಲ. ಕೋಟಿನೊಳಗೆ ಕಂಬದ ಹಾಗೆ ನಿಂತುಬಿಟ್ಟರು.

ಇನ್‌ಸ್ಪೆಕ್ಟರು ನನ್ನ ಕಡೆ ತಿರುಗಿದರು. "ನೀವಾದರೂ ಹೇಳಿ ಮೇಡಂ. ಇದನ್ನೇನಾ ನೀವೆಲ್ಲ ಇಲ್ಲಿ ಕಲಿಸುತ್ತಿರೋದು?"

ಎರಡು ವರ್ಷದ ದುಡಿಮೆ, ತಮ್ಮಂದಿರ ಓದು, ಮನೆಯ ಒಲೆ ಎಲ್ಲ ನನ್ನ ನಾಲಿಗೆಯ ತುದಿಯಲ್ಲಿ ಬಂದು ಕೂತಿದ್ದವು. ಹೌದು ಎಂದರೂ ಕೆಟ್ಟೆ, ಇಲ್ಲ ಎಂದರೂ ಕೆಟ್ಟೆ. ಏನು ಹೇಳಬೇಕೋ ನಿಜವಾಗಿಯೂ ತಿಳಿಯಲಿಲ್ಲ. ನಾನೂ ನಿಂತುಬಿಟ್ಟೆ.

ಇನ್‌ಸ್ಪೆಕ್ಟರು ಒಸಿ ಹೊತ್ತು ನನ್ನನ್ನು ನೋಡಿದರು. ಹೆಡ್‌ಮಾಸ್ತರನ್ನು ನೋಡಿದರು. ಹುಡುಗಿಯನ್ನು ನೋಡಿದರು. ಆಮೇಲೆ ತಲೆ ಕೊಡವಿ ಐದನೇ ಕ್ಲಾಸಿಗೆ ಹೋದರು.

ಆ ಬೇಸಗೆಯಲ್ಲಿ ನನ್ನ ನೌಕರಿ ಕಾಯಂ ಆಯಿತು. ಮೆಚ್ಚಿ ಬರೆದರೋ, ನಮ್ಮ ಸಹವಾಸವೇ ಬೇಡ ಎಂದು ಬರೆದರೋ, ಇಂದಿಗೂ ನನಗೆ ಗೊತ್ತಿಲ್ಲ. ಆದರೆ ಅವತ್ತು ಅವರ ಬೂಟಿನ ಸದ್ದು ಜಗಲಿ ದಾಟಿದ ಮೇಲೂ ನಾನು ಉಸಿರು ಬಿಡದೆ ಹಾಗೇ ನಿಂತಿದ್ದೆ. ಕೊನೆಗೆ ಆ ಪುಟ್ಟ ಹುಡುಗಿಯೇ ಬಂದು ನನ್ನ ಸೆರಗು ಜಗ್ಗಿದಳು.

"ಹೋದ್ರು ಮೇಡಂ. ಇನ್ನು ಅಲ್ಲಾಡಬೌದು."